ಗೋಲದಿಂದ ರೇಡಿಯೋವರೆಗೆ: ಹಳಿ ಸಾರಿಗೆಯ ನಿಯಂತ್ರಣದ ಚರಿತ್ರೆ

ಹಳಿಯ ಮೇಲೆ ಓಡುವ ವಾಹನ ಪಕ್ಕಕ್ಕೆ ಸರಿದು ದಾರಿ ಬಿಡಲಾರದು. ಎದುರಿನಿಂದ ಇನ್ನೊಂದು ಬಂದರೆ ಎರಡರಲ್ಲಿ ಒಂದು ಹಿಂದಕ್ಕೆ ಹೋಗಬೇಕು, ಮುಂದಿನದು ನಿಂತರೆ ಹಿಂದಿನದೂ ನಿಲ್ಲಬೇಕು. ಈ ಸರಳ ಕಾರಣದಿಂದಲೇ ಟ್ರಾಮು, ರೈಲು, ಮೆಟ್ರೋಗಳ ಚರಿತ್ರೆಯ ಒಳಗೆ ನಿಯಂತ್ರಣ ಮತ್ತು ಸಂದೇಶಗಳ ಇನ್ನೊಂದು ಚರಿತ್ರೆ ಹರಿಯುತ್ತ ಬಂದಿದೆ. ನಿಯಂತ್ರಣವೆಂದು ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ: ಹಳಿಯ ಒಂದು ತುಂಡಿನಲ್ಲಿ ಒಂದು ಸಮಯಕ್ಕೆ ಒಂದೇ ವಾಹನ ಇರುವಂತೆ ನೋಡಿಕೊಳ್ಳುವುದು ಮೊದಲನೆಯದು, ಯಾವ ವಾಹನ ಮೊದಲು ಹೋಗಬೇಕು, ಯಾವುದು ಕಾಯಬೇಕು, ತಡವಾದದ್ದನ್ನು ಹೇಗೆ ಸರಿದೂಗಿಸಬೇಕು ಎಂದು ತೀರ್ಮಾನಿಸುವುದು ಎರಡನೆಯದು. ಮೊದಲನೆಯದು ಸುರಕ್ಷತೆಯ ಅಧಿಕಾರ, ಎರಡನೆಯದು ಸಮಯದ ಅಧಿಕಾರ. ಮಾರ್ಗಗಳ ಜಾಲ ಬೆಳೆದಂತೆಲ್ಲ ಸಮಯದ ಅಧಿಕಾರ ದೂರದ ಕೇಂದ್ರಕ್ಕೆ ಸೇರುತ್ತ ಹೋಯಿತು. ಸುರಕ್ಷತೆಯ ಅಧಿಕಾರವಾದರೋ ಆಯಾ ಸ್ಥಳದಲ್ಲಿಯೇ, ಮೊದಲು ಮನುಷ್ಯರ ಕೈಯಲ್ಲಿ, ಆಮೇಲೆ ಹಳಿಯ ಬದಿಯ ಯಂತ್ರಗಳಲ್ಲಿ ಉಳಿಯಿತು. ಕಳೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಬದಲಾವಣೆಗಳನ್ನು ಈ ವಿಂಗಡಣೆಯಿಂದ ನೋಡಿದಾಗ ಮಾತ್ರ ಅವು ಒಂದೇ ಕಥೆಯ ಭಾಗಗಳಾಗಿ ಕಾಣುತ್ತವೆ.

ಕಾಸರಗೋಡು ಸೀಮೆಯಲ್ಲಿ ಟ್ರಾಮು ಎಂದೂ ಓಡಲಿಲ್ಲ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ಹೆದ್ದಾರಿಯ ಬದಿಯ ಬೋವಿಕಾನದಂಥ ಪೇಟೆಗಳಿಗೆ ರೈಲು ಕೂಡ ಕಾಸರಗೋಡು ಸ್ಟೇಷನ್ನಿಗೆ ಹೋಗಿ ಹಿಡಿಯಬೇಕಾದ ಸಾರಿಗೆಯೇ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರುವ ತನಕ ಈ ಊರುಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು, ಆ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಹೀಗಾಗಿ ಭಾರತದ ಮೊದಲ ವಿದ್ಯುತ್ ಟ್ರಾಮು ಓಡಿದ ನಗರವೇ ಬೋವಿಕಾನದವರ ರಾಜಧಾನಿಯೂ ಆಗಿತ್ತು. ಸರಕಾರಿ ಕೆಲಸಕ್ಕೆ, ಹೈಕೋರ್ಟಿನ ವ್ಯಾಜ್ಯಕ್ಕೆ, ಓದಿಗೆ ಈ ಕಡೆಯಿಂದ ಹೋದವರು ನಗರದ ಹಳಿ ಸಾರಿಗೆಯನ್ನು ಕಂಡದ್ದು ಮದ್ರಾಸಿನಲ್ಲಿ. ಹೋಟೆಲು ಕೆಲಸ ಹುಡುಕಿಕೊಂಡು ಹೊರಟ ಕರಾವಳಿಯವರು ಕಂಡದ್ದು ಮುಂಬಯಿಯಲ್ಲಿ.

ಮದ್ರಾಸಿನ ವಿದ್ಯುತ್ ಟ್ರಾಮು ಶುರುವಾದದ್ದು 1895ರ ಮೇ 7ರಂದು. ಮೊದಲಿಗೆ ವಿದ್ಯುತ್ ವಾಹಕವನ್ನು ಬೀದಿಯ ಮಟ್ಟಕ್ಕಿಂತ ಕೆಳಗೆ, ಹಳಿಗಳ ನಡುವಿನ ಸಪೂರ ಸೀಳಿನ ಒಳಗಿನ ಕಾಲುವೆಯಲ್ಲಿ ಹಾಯಿಸಲಾಗಿತ್ತು. ಮಳೆಗಾಲದ ನೀರು ಆ ಕಾಲುವೆಗೆ ತುಂಬುತ್ತಿದ್ದುದರಿಂದ ಈ ಏರ್ಪಾಡನ್ನು ಬಿಟ್ಟು ತಲೆಯ ಮೇಲಿನ ತಂತಿಗೆ ಬದಲಾಯಿಸಬೇಕಾಯಿತು. 1921ರ ಹೊತ್ತಿಗೆ ಸುಮಾರು 24 ಕಿಲೋಮೀಟರು ಮಾರ್ಗದಲ್ಲಿ 97 ಬಂಡಿಗಳು ಓಡುತ್ತಿದ್ದವು. ಮುಂಬಯಿಯಲ್ಲಿ 1874ರ ಮೇ 9ರಂದು ಕುದುರೆ ಟ್ರಾಮು, 1907ರ ಮೇ 7ರಂದು ವಿದ್ಯುತ್ ಟ್ರಾಮು, 1920ರಲ್ಲಿ ಎರಡಂತಸ್ತಿನ ಟ್ರಾಮು ಬಂದವು; ದಾದರಿನ ‘ಟಿ.ಟಿ.’ ಎಂಬ ಹೆಸರಿನಲ್ಲಿ ಅಲ್ಲಿದ್ದ ಟ್ರಾಮ್ ಟರ್ಮಿನಸ್ ಇಂದಿಗೂ ಉಳಿದಿದೆ.

ಇಷ್ಟು ದೊಡ್ಡ ನಗರಗಳ ಟ್ರಾಮುಗಳಿಗೆ ರೈಲಿನ ಹಾಗೆ ಸಿಗ್ನಲುಗಳ ಸಾಲು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಟ್ರಾಮನ್ನು ನಡೆಸುವ ಮೂಲ ನಿಯಮವೆಂದರೆ ಕಣ್ಣಳತೆಯ ಚಾಲನೆ: ಚಾಲಕನಿಗೆ ಮುಂದೆ ಎಷ್ಟು ದೂರ ದಾರಿ ಕಾಣುತ್ತದೆಯೋ ಅಷ್ಟರೊಳಗೆ ನಿಲ್ಲಿಸಲು ಆಗುವ ವೇಗದಲ್ಲಿ ಮಾತ್ರ ಬಂಡಿ ಓಡಬೇಕು. ವೇಗ ಕಡಿಮೆ, ಬಂಡಿ ಹಗುರ, ಮಾರ್ಗ ಬಹುತೇಕ ಜೋಡಿ ಹಳಿಯದು. ಆದ್ದರಿಂದ ಸುರಕ್ಷತೆಯ ಇಡೀ ಅಧಿಕಾರ ಚಾಲಕನ ಕಣ್ಣಿನಲ್ಲಿ, ಬ್ರೇಕಿನ ಹಿಡಿಯಲ್ಲಿ ಮತ್ತು ಕಾಲಿನಿಂದ ಒತ್ತಿ ಬಾರಿಸುವ ಗಂಟೆಯಲ್ಲಿ ಇತ್ತು. ಬಂಡಿಯ ಎರಡೂ ತುದಿಗಳಲ್ಲಿ ಕಂಟ್ರೋಲರ್ ಎಂಬ ಎತ್ತರದ ಪೆಟ್ಟಿಗೆ ಇರುತ್ತಿತ್ತು. ಅದರ ಮೇಲಿನ ಹಿಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸಿದಾಗ ಮೋಟಾರುಗಳಿಗೆ ಹೋಗುವ ವಿದ್ಯುತ್ತು ಏರುತ್ತಿತ್ತು. ದಿಕ್ಕು ಬದಲಿಸುವ ಕೀಲಿಕೈಯನ್ನು ವಿದ್ಯುತ್ತು ಪೂರ್ತಿ ನಿಂತಿರುವಾಗ ಮಾತ್ರ ಹೊರತೆಗೆಯಲು ಸಾಧ್ಯವಾಗುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಚಾಲಕನು ಅದನ್ನು ತೆಗೆದುಕೊಂಡು ಇನ್ನೊಂದು ತುದಿಗೆ ನಡೆದು ಅಲ್ಲಿ ಸಿಕ್ಕಿಸುತ್ತಿದ್ದನು. ಒಂದು ಬಂಡಿಯನ್ನು ಎರಡು ಕಡೆಯಿಂದ ಇಬ್ಬರು ನಡೆಸಲಾಗದು ಎಂಬ ನಿಯಮವನ್ನು ಪುಸ್ತಕದಲ್ಲಿ ಬರೆದು ಸುಮ್ಮನಾಗದೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಾಗಿ ಮಾಡಿದ್ದು ಹಳಿ ಸಾರಿಗೆಯ ನಿಯಂತ್ರಣದಲ್ಲಿ ಬಹಳ ಮುಖ್ಯವಾದ ಉಪಾಯವಾಗಿದ್ದು, ಮುಂದೆ ಒಂಟಿ ಹಳಿಯ ರೈಲಿನಲ್ಲಿ ಇದೇ ಉಪಾಯ ಇನ್ನೂ ದೊಡ್ಡ ರೂಪದಲ್ಲಿ ಕಾಣಸಿಗುತ್ತದೆ.

ಬಂಡಿಯ ಒಳಗಿನ ಸಂವಹನ ಕಂಡಕ್ಟರನ ಗಂಟೆಯದಾಗಿತ್ತು. ಒಂದು ಬಾರಿ ಬಾರಿಸಿದರೆ ನಿಲ್ಲಿಸು, ಎರಡು ಬಾರಿ ಬಾರಿಸಿದರೆ ಹೊರಡು ಎಂಬ ಸಂಕೇತವನ್ನು ಬ್ರಿಟನ್ನಿನ ಟ್ರಾಮುಗಳಲ್ಲಿ ಬಳಸುತ್ತಿದ್ದರು. ಕಾಸರಗೋಡಿನಿಂದ ಬೋವಿಕಾನ, ಮುಳ್ಳೇರಿಯಗಳ ಕಡೆಗೆ ಹೋಗುವ ಬಸ್ಸುಗಳಲ್ಲಿ ಹಗ್ಗ ಎಳೆದು ಬಾರಿಸುವ ‘ಸಿಂಗಲ್ ಬೆಲ್’, ‘ಡಬಲ್ ಬೆಲ್’ಗಳೂ ಇದೇ ಸಂಕೇತವನ್ನು ಅನುಸರಿಸುತ್ತವೆ, ಟ್ರಾಮು ಕಾಣದ ಊರಿನಲ್ಲಿಯೂ ಟ್ರಾಮಿನ ಕಾಲದ ಭಾಷೆ ದಿನನಿತ್ಯ ಕೇಳಿಸುತ್ತಿರುವುದು ಗಮನಿಸತಕ್ಕದ್ದು.

ಟ್ರಾಮಿನ ಜಾಲ ಬೆಳೆದಾಗ ಮೊದಲು ತೊಂದರೆ ಎದ್ದದ್ದು ಸಮಯದ ವಿಷಯದಲ್ಲಿ. ಒಂದು ಬಂಡಿ ಯಾವುದೋ ಕಾರಣಕ್ಕೆ ಸ್ವಲ್ಪ ತಡವಾಯಿತೆಂದರೆ ಮುಂದಿನ ನಿಲ್ದಾಣದಲ್ಲಿ ಅದಕ್ಕಾಗಿ ಹೆಚ್ಚು ಜನ ಕಾದಿರುತ್ತಾರೆ, ಅವರನ್ನು ಹತ್ತಿಸಿಕೊಳ್ಳುವುದರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಅದರ ಹಿಂದಿನ ಬಂಡಿಗೆ ಜನ ಕಡಿಮೆ ಸಿಗುವುದರಿಂದ ಅದು ಬೇಗ ಬೇಗ ಓಡಿ ಮುಂದಿನದರ ಬೆನ್ನಿಗೆ ಬರುತ್ತದೆ. ಹೀಗೆ ಎರಡು ಮೂರು ಬಂಡಿಗಳು ಗುಂಪಾಗಿ ಬಂದು, ಆಮೇಲೆ ಬಹಳ ಹೊತ್ತು ಒಂದೂ ಬಾರದಿರುವ ಸ್ಥಿತಿ ನಗರ ಸಾರಿಗೆಗೆ ಹುಟ್ಟಿನಿಂದಲೇ ಅಂಟಿಕೊಂಡ ದೋಷ. ಪ್ರತಿಯೊಬ್ಬ ಚಾಲಕನೂ ತನ್ನ ಕಣ್ಣಳತೆಯಲ್ಲಿ ಸರಿಯಾಗಿಯೇ ನಡೆಸುತ್ತಿರುವಾಗಲೂ ಇದು ಆಗುತ್ತದೆ. ಇಡೀ ಮಾರ್ಗವನ್ನು ಕಾಣುವವರು ಒಬ್ಬರಿಲ್ಲದೆ ಇದನ್ನು ಸರಿಪಡಿಸಲಾಗದು. ಆದ್ದರಿಂದ ಮುಖ್ಯ ಜಾಗಗಳಲ್ಲಿ ಗಡಿಯಾರ ಮತ್ತು ಪಟ್ಟಿ ಹಿಡಿದ ಇನ್‌ಸ್ಪೆಕ್ಟರುಗಳನ್ನು ನಿಲ್ಲಿಸುವ ಪದ್ಧತಿ ಬೆಳೆಯಿತು. ಯೂರೋಪು ಮತ್ತು ಅಮೆರಿಕದ ದೊಡ್ಡ ನಗರಗಳಲ್ಲಿ ರಸ್ತೆ ಬದಿಯ ಟೆಲಿಫೋನ್ ಪೆಟ್ಟಿಗೆಗಳಿಂದ ಅವರು ಡಿಪೋಗೆ ಸುದ್ದಿ ಮುಟ್ಟಿಸುತ್ತಿದ್ದರು. ತಂತಿಯ ವಿದ್ಯುತ್ತನ್ನೂ ತುಂಡು ತುಂಡಾಗಿ ವಿಭಾಗಿಸಿ, ಒಂದು ಕಡೆ ತಂತಿ ಹರಿದರೆ ಆ ಭಾಗವನ್ನಷ್ಟೇ ಸ್ಥಗಿತಗೊಳಿಸುವಂತೆ ಮಾಡಲಾಗಿತ್ತು. ಮಾರ್ಗ ಕವಲೊಡೆಯುವಲ್ಲಿ ಹಳಿಯ ನಾಲಿಗೆಯನ್ನು, ಅಂದರೆ ಪಾಯಿಂಟನ್ನು, ಕಬ್ಬಿಣದ ಸಲಾಕೆಯಿಂದ ಮೀಟಿ ತಿರುಗಿಸುವುದು ಹಳೆಯ ಕ್ರಮ. ಚಾಲಕನು ತಂತಿಯಲ್ಲಿನ ಒಂದು ಸಂಪರ್ಕದ ಕೆಳಗೆ ವಿದ್ಯುತ್ತು ಕೊಟ್ಟು ಹೋದರೆ ಒಂದು ದಾರಿ, ಕೊಡದೆ ಹೋದರೆ ಇನ್ನೊಂದು ದಾರಿ ತಾನಾಗಿ ಹೊಂದಿಕೊಳ್ಳುವ ವಿದ್ಯುತ್ ಪಾಯಿಂಟುಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದೇಶದ ನಗರಗಳಲ್ಲಿ ಬಂದವು.

ಕಣ್ಣಳತೆಯ ಮಿತಿ ಎಲ್ಲಕ್ಕಿಂತ ಸ್ಪಷ್ಟವಾಗಿ ತಿಳಿಯುವುದು ಒಂಟಿ ಹಳಿಯಲ್ಲಿ, ಮತ್ತು ಕಾಸರಗೋಡಿನ ಜನ ಅದನ್ನು ಬಹಳ ಹತ್ತಿರದಿಂದ ಕಂಡಿದ್ದಾರೆ. 1861ರಲ್ಲಿ ತಿರೂರು ಮತ್ತು ಬೇಪೂರುಗಳ ನಡುವೆ ಶುರುವಾದ ಮದ್ರಾಸು ರೈಲ್ವೆಯ ಮಲಬಾರು ಮಾರ್ಗ 1888ರಲ್ಲಿ ಕೋಝಿಕ್ಕೋಡನ್ನು ಮುಟ್ಟಿ, ಆಮೇಲೆ ಕಣ್ಣೂರನ್ನು ದಾಟಿ, 1907ರಲ್ಲಿ ಮಂಗಳೂರನ್ನು ತಲುಪಿತು. 1908ರಿಂದ ಅದು ದಕ್ಷಿಣ ಭಾರತ ರೈಲ್ವೆಯ ಕೈಗೆ, 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿತು. ಕಳನಾಡಿನ ಸುರಂಗ, ಚಂದ್ರಗಿರಿ ಹೊಳೆಯ ಸೇತುವೆ, ತೆಂಗಿನ ತೋಟಗಳ ನಡುವಿನ ತಿರುವುಗಳನ್ನು ದಾಟಿ ಕುಂಬಳೆ, ಉಪ್ಪಳ, ಮಂಜೇಶ್ವರಗಳ ಮೂಲಕ ಸಾಗುವ ಈ ಹಾದಿಯಲ್ಲಿ ಎಂಜಿನ್ ಚಾಲಕನ ಕಣ್ಣು ಮುಂದಿನ ಸ್ಟೇಷನ್ನನ್ನು ಕಾಣುವುದು ಅಸಾಧ್ಯ, ಕಂಡರೂ ಭಾರವಾದ ರೈಲನ್ನು ಅಷ್ಟು ದೂರದೊಳಗೆ ನಿಲ್ಲಿಸುವುದು ಅಸಾಧ್ಯ.

ಇಂಥ ಮಾರ್ಗವನ್ನು ನಡೆಸುವ ಕ್ರಮವನ್ನು ಜಗತ್ತು ಸಾವುಗಳ ಮೂಲಕ ಕಲಿತಿತ್ತು. ಒಂದು ರೈಲು ಹೊರಟು ಇಂತಿಷ್ಟು ನಿಮಿಷ ಕಳೆದ ಮೇಲೆ ಇನ್ನೊಂದನ್ನು ಬಿಡುವ ಕಾಲಾಂತರದ ಪದ್ಧತಿಯಲ್ಲಿ, ಮುಂದಿನ ರೈಲು ದಾರಿಯಲ್ಲಿ ನಿಂತುಬಿಟ್ಟರೆ ಹಿಂದಿನದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ; 1889ರ ಜೂನಿನಲ್ಲಿ ಐರ್ಲೆಂಡಿನ ಆರ್ಮಾ ಬಳಿ ಏರಿನಲ್ಲಿ ನಿಂತ ರೈಲಿನ ಹಿಂಭಾಗ ಜಾರಿಹೋಗಿ ಬೆನ್ನಿಗೆ ಬರುತ್ತಿದ್ದ ರೈಲಿಗೆ ಬಡಿದು ಸುಮಾರು 80 ಮಂದಿ ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಬ್ಲಾಕ್ ಪದ್ಧತಿಯನ್ನು, ಅಂದರೆ ಎರಡು ಸ್ಟೇಷನ್ನುಗಳ ನಡುವಿನ ತುಂಡಿನಲ್ಲಿ ಒಂದೇ ರೈಲು ಇರಬೇಕೆಂಬ ಸ್ಥಳದ ಅಂತರದ ಕ್ರಮವನ್ನು, ಕಾನೂನಿನಿಂದ ಕಡ್ಡಾಯ ಮಾಡಿತು. ಅದಕ್ಕೂ ಮೊದಲು, 1874ರಲ್ಲಿ, ಇಂಗ್ಲೆಂಡಿನ ನಾರ್ವಿಚ್ ಸಮೀಪದ ಥಾರ್ಪ್‌ನಲ್ಲಿ ಒಂಟಿ ಹಳಿಯ ಮೇಲೆ ಎರಡು ರೈಲುಗಳು ಮುಖಾಮುಖಿ ಢಿಕ್ಕಿ ಹೊಡೆದು 25 ಮಂದಿ ಸತ್ತಿದ್ದರು. ಇನ್‌ಸ್ಪೆಕ್ಟರನು ಸಹಿ ಹಾಕದ ಸಂದೇಶವನ್ನು ಗುಮಾಸ್ತನು ತಂತಿಯಲ್ಲಿ ಕಳುಹಿಸಿಬಿಟ್ಟಿದ್ದೇ ಅದಕ್ಕೆ ಮೂಲವಾಗಿತ್ತು. ತಂತಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆಯೋ ತಪ್ಪೂ ಅಷ್ಟೇ ವೇಗವಾಗಿ ಹೋಗುತ್ತದೆ ಎಂಬುದು ಆಗ ಮನವರಿಕೆಯಾಯಿತು. 1878ರಲ್ಲಿ ಎಡ್ವರ್ಡ್ ಟಯರ್ ಎಂಬವರು ಪೇಟೆಂಟು ಪಡೆದ ಯಂತ್ರ ಈ ದೋಷಕ್ಕೆ ಉತ್ತರವಾಗಿ ಬಂತು: ಎರಡು ಸ್ಟೇಷನ್ನುಗಳಲ್ಲಿ ವಿದ್ಯುತ್ತಿನಿಂದ ಜೋಡಿಸಿದ ಎರಡು ಪೆಟ್ಟಿಗೆಗಳು, ಅವುಗಳಿಂದ ಒಂದು ಸಲಕ್ಕೆ ಒಂದೇ ಬಿಲ್ಲೆ ಹೊರಬರುತ್ತದೆ, ಆ ಬಿಲ್ಲೆ ಕೈಯಲ್ಲಿಲ್ಲದ ಚಾಲಕನು ಮುಂದೆ ಹೋಗುವಂತಿಲ್ಲ.

ಭಾರತದ ಒಂಟಿ ಹಳಿ ಮಾರ್ಗಗಳಲ್ಲಿ ಈ ತತ್ತ್ವದ ಹೆಚ್ಚು ಪ್ರಚಲಿತವಾಗಿದ್ದ ರೂಪವೆಂದರೆ ನೀಲ್ ಹೆಸರಿನ ಗೋಲದ ಟೋಕನ್ ಯಂತ್ರ. ಸ್ಟೇಷನ್ ಮಾಸ್ಟರರ ಕೋಣೆಯಲ್ಲಿ ಪ್ರತಿ ದಿಕ್ಕಿಗೂ ಒಂದರಂತೆ ನಿಲ್ಲಿಸಿದ ಈ ಯಂತ್ರದ ಮೇಲೆ ಒಂದು ಗಂಟೆ, ಒಂದು ಸೂಜಿ, ತಿರುಗಿಸುವ ಒಂದು ಹಿಡಿ ಇದ್ದು, ಹಿಡಿಗೆ ಮೂರು ಸ್ಥಾನಗಳಿದ್ದವು: ಲೈನು ಮುಚ್ಚಿದೆ, ರೈಲು ಬರುತ್ತಿದೆ, ರೈಲು ಹೋಗುತ್ತಿದೆ. ರೈಲನ್ನು ಕಳುಹಿಸಬೇಕಾದ ಸ್ಟೇಷನ್ನಿನವರು ಗಂಟೆಯ ಸಂಕೇತದಿಂದ ಪಕ್ಕದ ಸ್ಟೇಷನ್ನನ್ನು ಎಚ್ಚರಿಸಿ, ಟೆಲಿಫೋನಿನಲ್ಲಿ ‘ಲೈನ್ ಕ್ಲಿಯರ್’ ಕೇಳುತ್ತಿದ್ದರು. ಅಲ್ಲಿಯವರು ಒಪ್ಪಿ ತಮ್ಮ ಹಿಡಿಯನ್ನು ‘ಬರುತ್ತಿದೆ’ ಎಂಬಲ್ಲಿಗೆ ತಿರುಗಿಸಿದ ಮೇಲಷ್ಟೇ ಕಳುಹಿಸುವವರ ಹಿಡಿ ‘ಹೋಗುತ್ತಿದೆ’ ಎಂಬಲ್ಲಿಗೆ ತಿರುಗಿ ಒಂದು ಉಕ್ಕಿನ ಗೋಲ ಹೊರಗೆ ಉರುಳುತ್ತಿತ್ತು. ಗೋಲದ ಮೇಲೆ ಆ ತುಂಡಿನ ಎರಡು ಸ್ಟೇಷನ್ನುಗಳ ಹೆಸರು ಕೊರೆದಿರುತ್ತಿತ್ತು. ಪಕ್ಕದ ತುಂಡಿನ ಯಂತ್ರಕ್ಕೆ ಅದು ಹೊಂದದಂತೆ ಆಕಾರವನ್ನೂ ಬೇರೆ ಮಾಡಲಾಗುತ್ತಿತ್ತು. ಅದನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ರೈಲಾದರೆ ಎತ್ತಿ ಹಿಡಿದು ಎಂಜಿನ್ನಿನವರ ಕೈಗೆ ಸಿಕ್ಕಿಸುತ್ತಿದ್ದರು. ಗೋಲವು ಮುಂದಿನ ಸ್ಟೇಷನ್ನಿನ ಯಂತ್ರದೊಳಕ್ಕೆ ಬೀಳುವ ತನಕ ಎರಡೂ ಯಂತ್ರಗಳಲ್ಲಿ ಇನ್ನೊಂದು ಗೋಲ ಹೊರಬರುವಂತಿರಲಿಲ್ಲ.

ಈ ಏರ್ಪಾಡಿನ ಸೊಗಸು ಅದರ ಸರಳತೆಯಲ್ಲಿದೆ. ಇಬ್ಬರು ಒಪ್ಪಬೇಕು, ಯಂತ್ರವೂ ಒಪ್ಪಬೇಕು, ಚಾಲಕನ ಕೈಗೆ ವಸ್ತು ಸಿಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ರೈಲು ಸಾಮಾನ್ಯ ಕ್ರಮದಲ್ಲಿ ಹೊರಡುವುದಿಲ್ಲ. ಒಂದೇ ದಿಕ್ಕಿಗೆ ಹೆಚ್ಚು ರೈಲುಗಳು ಓಡಿದಾಗ ಗೋಲಗಳು ಒಂದು ತುದಿಯ ಯಂತ್ರದಲ್ಲಿ ಗುಡ್ಡೆಯಾಗಿ ಇನ್ನೊಂದು ತುದಿ ಬರಿದಾಗುತ್ತಿತ್ತು, ಆಗ ಅಧಿಕಾರವುಳ್ಳ ಸಿಗ್ನಲ್ ಸಿಬ್ಬಂದಿ ದಾಖಲೆ ಬರೆದು ಅವುಗಳನ್ನು ಹಿಂದಕ್ಕೆ ಸಾಗಿಸಬೇಕಾಗುತ್ತಿತ್ತು. ಯಂತ್ರ ಕೆಟ್ಟಾಗಲೂ ರೈಲು ನಿಲ್ಲುತ್ತಿರಲಿಲ್ಲ: ಸ್ಟೇಷನ್ ಮಾಸ್ಟರುಗಳು ಟೆಲಿಫೋನಿನಲ್ಲಿ ಮಾತನಾಡಿ, ತಮ್ಮ ತಮ್ಮ ಗುಟ್ಟಿನ ಪಟ್ಟಿಯಿಂದ ಒಂದೊಂದು ‘ಪ್ರೈವೇಟ್ ನಂಬರ್’ ಹೇಳಿ ಅದನ್ನು ಬರೆದುಕೊಂಡು, ಆಮೇಲೆ ಸಹಿ ಹಾಕಿದ ಕಾಗದದ ಲೈನ್ ಕ್ಲಿಯರ್ ಚೀಟಿಯನ್ನು ಚಾಲಕನಿಗೆ ಕೊಡುತ್ತಿದ್ದರು. ಥಾರ್ಪ್‌ನಲ್ಲಿ ಇಲ್ಲದೇ ಹೋದ ಸಹಿ ಇಲ್ಲಿ ಸಂಖ್ಯೆಯ ರೂಪದಲ್ಲಿ ತಂತಿಯ ಮೇಲೆಯೇ ಹೋಗುತ್ತಿತ್ತು. ಪ್ರೈವೇಟ್ ನಂಬರಿನ ಪದ್ಧತಿ ಭಾರತೀಯ ರೈಲಿನಲ್ಲಿ ಈಗಲೂ ಇದೆ.

ಸಮಯದ ಅಧಿಕಾರ ಬೇರೆ ದಾರಿ ಹಿಡಿಯಿತು. 1851ರಲ್ಲಿ ಅಮೆರಿಕದ ಈರೀ ರೈಲ್ವೆಯಲ್ಲಿ ಚಾರ್ಲ್ಸ್ ಮೈನಟ್ ತಂತಿ ಸಂದೇಶ ಕೊಟ್ಟು ರೈಲುಗಳ ಕ್ರಾಸಿಂಗನ್ನು ಬದಲಿಸಿದ ದಿನದಿಂದ ದೂರದಲ್ಲಿ ಕುಳಿತವರು ಇಡೀ ಮಾರ್ಗವನ್ನು ಆಳುವ ಕಲ್ಪನೆ ಬೆಳೆಯತೊಡಗಿತು. ಟೆಲಿಫೋನು ಬಂದ ಮೇಲೆ ಅದು ಕಂಟ್ರೋಲ್ ಆಫೀಸಿನ ರೂಪ ತಾಳಿತು. ಅಲ್ಲಿ ಸೆಕ್ಷನ್ ಕಂಟ್ರೋಲರರು ಒಂದು ಅಂಚಿನಲ್ಲಿ ಸಮಯವನ್ನೂ ಇನ್ನೊಂದು ಅಂಚಿನಲ್ಲಿ ಸ್ಟೇಷನ್ನುಗಳನ್ನೂ ಗುರುತಿಸಿದ ಹಾಳೆಯ ಮೇಲೆ ಪ್ರತಿ ರೈಲಿಗೂ ಒಂದು ಓರೆಗೆರೆ ಎಳೆಯುತ್ತ ಹೋಗುತ್ತಿದ್ದರು. ಎರಡು ಗೆರೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಎರಡು ರೈಲುಗಳು ಒಂದನ್ನೊಂದು ದಾಟಬೇಕು. ಯಾವ ರೈಲನ್ನು ಯಾವ ಸ್ಟೇಷನ್ನಿನಲ್ಲಿ ನಿಲ್ಲಿಸಬೇಕೆಂದು ಕಂಟ್ರೋಲರರು ಹೇಳಬಹುದು, ಆದರೆ ಲೈನ್ ಕ್ಲಿಯರ್ ಕೊಡುವ ಅಧಿಕಾರ ಅವರಿಗೆ ಇಲ್ಲ, ಅದು ಸ್ಟೇಷನ್ ಮಾಸ್ಟರರದು. ಈ ಗಡಿಯನ್ನು ಇಷ್ಟು ಕಟ್ಟುನಿಟ್ಟಾಗಿ ಕಾಯ್ದುಕೊಂಡದ್ದು ರೈಲ್ವೆಯ ದೊಡ್ಡ ವಿವೇಕ ಎಂದೇ ಹೇಳಬೇಕು; ಅವಸರ ಇರುವವರ ಕೈಯಲ್ಲಿ ಸುರಕ್ಷತೆಯ ಕೀಲಿಯನ್ನು ಕೊಡಬಾರದೆಂಬ ತಿಳಿವಳಿಕೆ ಅದರಲ್ಲಿದೆ.

ನಗರದ ಟ್ರಾಮುಗಳಿಗೆ ಇಷ್ಟು ಭದ್ರವಾದ ವ್ಯವಸ್ಥೆ ದೊರೆಯಲೇ ಇಲ್ಲ. ಮದ್ರಾಸಿನ ಟ್ರಾಮು 1953ರ ಏಪ್ರಿಲಿನಲ್ಲಿ, ಮುಂಬಯಿಯದು 1964ರ ಮಾರ್ಚ್ 31ರಂದು ನಿಂತವು. ಮದ್ರಾಸಿನಲ್ಲಿ ಕಂಪನಿಯ ನಷ್ಟ, ಮುಂಬಯಿಯಲ್ಲಿ ಬಸ್ಸಿನ ಪೈಪೋಟಿ ಎಂದು ಕಾರಣ ಹೇಳುವುದುಂಟು; ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಬೇಕು. ಮೋಟಾರುಗಳು ತುಂಬಿದ ಬೀದಿಯಲ್ಲಿ ಟ್ರಾಮಿಗೆ ತನ್ನದೆಂಬ ದಾರಿಯಾಗಲಿ, ಕೂಡುರಸ್ತೆಯಲ್ಲಿ ತನಗೆ ಮೊದಲ ಅವಕಾಶ ಕೊಡುವ ಸಿಗ್ನಲಾಗಲಿ ಇರಲಿಲ್ಲ. ಯೂರೋಪಿನ ಅನೇಕ ನಗರಗಳು ಟ್ರಾಮು ಹತ್ತಿರ ಬರುತ್ತಿರುವುದನ್ನು ಸಿಗ್ನಲು ತಾನೇ ಅರಿತು ದಾರಿ ಬಿಡುವ ವ್ಯವಸ್ಥೆ ಮಾಡಿಕೊಂಡು, ಪ್ರತ್ಯೇಕ ಹಾಸು ಕೊಟ್ಟು, ರೇಡಿಯೋ ಸಂಪರ್ಕದಿಂದ ಟ್ರಾಮನ್ನು ಉಳಿಸಿಕೊಂಡವು. ಇಲ್ಲಿ ಅದನ್ನು ಅಡ್ಡಿ ಎಂದು ಬಗೆದು ಕಿತ್ತುಹಾಕಿದ್ದು ದೊಡ್ಡ ನಷ್ಟವೇ.

ಕನ್ನಡ ನಾಡಿನಲ್ಲಿ ಬೆಳೆಯುತ್ತಿರುವ ನಗರ ಹಳಿ ಜಾಲವೆಂದರೆ ಬೆಂಗಳೂರಿನ ನಮ್ಮ ಮೆಟ್ರೋ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ 6.7 ಕಿಲೋಮೀಟರಿನಿಂದ ಶುರುವಾದ ಅದರ ಮೊದಲ ಹಂತ 42.3 ಕಿಲೋಮೀಟರಾಗಿ 2017ರ ಜೂನ್ 17ರಂದು ಪೂರ್ಣವಾಯಿತು; ಅದೇ ದಿನ ಕೊಚ್ಚಿ ಮೆಟ್ರೋ ಕೂಡ ಉದ್ಘಾಟನೆಯಾಯಿತು. ಎರಡರ ನಿಯಂತ್ರಣ ಪದ್ಧತಿ ಮಾತ್ರ ಬೇರೆ ಬೇರೆ ತಲೆಮಾರಿನದು. ಬೆಂಗಳೂರಿನ ಮೊದಲ ಹಂತದಲ್ಲಿ ಹಳಿಯನ್ನು ವಿದ್ಯುತ್ ತುಂಡುಗಳಾಗಿ ವಿಭಾಗಿಸಿ, ಚಕ್ರಗಳು ಎರಡು ಹಳಿಗಳನ್ನು ಕೂಡಿಸಿದಾಗ ಆ ತುಂಡಿನಲ್ಲಿ ರೈಲು ಇದೆಯೆಂದು ಅರಿಯುವ ಟ್ರ್ಯಾಕ್ ಸರ್ಕ್ಯೂಟಿನ ತತ್ತ್ವವನ್ನು ಬಳಸಲಾಯಿತು. ಇದರ ಮೂಲ ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟು ಪಡೆದ ಉಪಾಯ. ಮುಂದೆ ಎಷ್ಟು ದೂರದವರೆಗೆ ಹೋಗಬಹುದೆಂಬ ಲೆಕ್ಕ ಚಾಲಕರ ಎದುರಿನ ಪರದೆಗೆ ಬರುತ್ತದೆ, ಮಿತಿ ಮೀರಿದರೆ ಬ್ರೇಕು ತಾನಾಗಿ ಬೀಳುತ್ತದೆ. ಕೊಚ್ಚಿಯವರು ಆರಂಭದಿಂದಲೇ ರೇಡಿಯೋ ಆಧಾರಿತ ನಿಯಂತ್ರಣವನ್ನು ಆರಿಸಿಕೊಂಡರು. ಅದರಲ್ಲಿ ಪ್ರತಿ ರೈಲೂ ತಾನಿರುವ ಜಾಗವನ್ನು ಹಳಿ ಬದಿಯ ಕಂಪ್ಯೂಟರಿಗೆ ಎಡೆಬಿಡದೆ ತಿಳಿಸುತ್ತದೆ, ಆ ಕಂಪ್ಯೂಟರು ಮುಂದಿನ ರೈಲಿನ ಬಾಲದವರೆಗೆ ಎಷ್ಟು ದಾರಿ ಖಾಲಿ ಇದೆಯೆಂದು ಲೆಕ್ಕ ಹಾಕಿ ಚಲನೆಯ ಅನುಮತಿಯನ್ನು ಮರಳಿ ಕಳುಹಿಸುತ್ತದೆ. ಹಳಿಯ ತುಂಡುಗಳು ಸ್ಥಿರವಾಗಿರುವ ಬದಲು ರೈಲಿನ ಜೊತೆಗೇ ಸರಿಯುವುದರಿಂದ ರೈಲುಗಳು ಒಂದರ ಹಿಂದೆ ಒಂದು ಹೆಚ್ಚು ಹತ್ತಿರ ಓಡಬಲ್ಲವು. ಟ್ರಾಮಿನ ಚಾಲಕ ಕಣ್ಣಿನಿಂದ ಮಾಡುತ್ತಿದ್ದ ಅಂದಾಜನ್ನೇ ಇಲ್ಲಿ ರೇಡಿಯೋ ಮತ್ತು ಗಣಿತ ಸುರಂಗದೊಳಗೂ ಕತ್ತಲೆಯಲ್ಲೂ ಮಾಡುತ್ತವೆ.

ಬೈಯಪ್ಪನಹಳ್ಳಿಯ ನಿಯಂತ್ರಣ ಕೇಂದ್ರದ ದೊಡ್ಡ ಪರದೆಯ ಮೇಲೆ ರೈಲುಗಳ ಸ್ಥಾನ, 750 ವೋಲ್ಟಿನ ಮೂರನೆಯ ಹಳಿಯ ವಿದ್ಯುತ್ತಿನ ಸ್ಥಿತಿ ಕಾಣುತ್ತವೆ. ಚಾಲಕರೊಡನೆ ಮಾತುಕತೆ ರೇಡಿಯೋದಲ್ಲಿ ನಡೆಯುತ್ತದೆ. ಅಲ್ಲಿನವರು ರೈಲನ್ನು ತಡೆಯಬಹುದು, ಹೆಚ್ಚುವರಿ ರೈಲು ಬಿಡಬಹುದು. ಆದರೆ ಪಾಯಿಂಟುಗಳಿಗೂ ಸಿಗ್ನಲುಗಳಿಗೂ ಇರುವ ಪರಸ್ಪರ ಬಂಧವನ್ನು, ಅಂದರೆ ಇಂಟರ್‌ಲಾಕಿಂಗನ್ನು, ಮೀರಿ ಎರಡು ರೈಲುಗಳಿಗೆ ಒಂದೇ ಜಾಗವನ್ನು ಕೊಡಲಾರರು. ಸೆಕ್ಷನ್ ಕಂಟ್ರೋಲರರಿಗೂ ಸ್ಟೇಷನ್ ಮಾಸ್ಟರರಿಗೂ ನಡುವೆ ಇದ್ದ ಹಳೆಯ ಗಡಿ ಕಂಪ್ಯೂಟರುಗಳ ನಡುವಿನ ಗಡಿಯಾಗಿ ಹಾಗೆಯೇ ಮುಂದುವರಿದಿದೆ. ರಸ್ತೆಯ ಸಾರಿಗೆಗೂ ಸಮಯದ ಈ ಕೇಂದ್ರ ದೃಷ್ಟಿ ತಡವಾಗಿಯಾದರೂ ಬಂತು. 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ ಉಪಗ್ರಹ ಆಧಾರಿತ ಸ್ಥಾನಸೂಚಕಗಳನ್ನು ಜೋಡಿಸಿ, ನಿಲ್ದಾಣಗಳ ಫಲಕಗಳಲ್ಲಿ ಬಸ್ಸು ಬರುವ ಹೊತ್ತನ್ನು ತೋರಿಸುವ ಏರ್ಪಾಡು ಆಯಿತು.

ಜಾಲ ಬೆಳೆದಾಗ ಹಳೆಯ ಮತ್ತು ಹೊಸ ಪದ್ಧತಿಗಳು ಒಟ್ಟಿಗೆ ಬಾಳಬೇಕಾಗುತ್ತದೆ. ಬೆಂಗಳೂರಿನ ಮೊದಲ ಹಂತದ ನೇರಳೆ ಮತ್ತು ಹಸಿರು ಮಾರ್ಗಗಳು ಹಿಂದಿನ ಪದ್ಧತಿಯಲ್ಲಿಯೇ ಉದ್ದವಾಗುತ್ತ ಬಂದವು. ಜನದಟ್ಟಣೆಗೆ ಪರಿಹಾರವಾಗಿ 2018ರಿಂದ ಮೂರು ಬೋಗಿಯ ರೈಲುಗಳನ್ನು ಆರು ಬೋಗಿಗೆ ಬೆಳೆಸಲಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರಿನ ಹಳದಿ ಮಾರ್ಗಕ್ಕೆ ರೇಡಿಯೋ ಆಧಾರಿತ ನಿಯಂತ್ರಣ ಬಂತು. ಹಾಗೆ ಬಂದದ್ದರಿಂದ ಬೇರೆ ಮಾರ್ಗಗಳ ರೈಲುಗಳನ್ನು ತಂದು ಅಲ್ಲಿ ಓಡಿಸುವಂತಿರಲಿಲ್ಲ. ಆ ಪದ್ಧತಿಗೆ ಹೊಂದುವ ಹೊಸ ರೈಲುಗಳು ಬಂದು, ಹಳಿ ಬದಿಯ ಯಂತ್ರಗಳೊಡನೆ ಅವುಗಳ ಪರೀಕ್ಷೆ ಮುಗಿದು, ಸುರಕ್ಷತಾ ಆಯುಕ್ತರ ಒಪ್ಪಿಗೆ ಸಿಗುವ ತನಕ ಸಿದ್ಧವಾದ ಹಳಿಗಳು ಕಾಯಬೇಕಾಯಿತು. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಇದ್ದ ರೈಲುಗಳು ಮೂರೇ, ಎರಡು ರೈಲುಗಳ ನಡುವಿನ ಅಂತರ 25 ನಿಮಿಷ. ಕೆಲವೇ ನಿಮಿಷಗಳಿಗೆ ಒಂದು ರೈಲನ್ನು ನಡೆಸಬಲ್ಲ ನಿಯಂತ್ರಣ ವ್ಯವಸ್ಥೆ ಸಿದ್ಧವಿದ್ದರೂ ಅದರ ಪ್ರಯೋಜನ ಪ್ರಯಾಣಿಕರಿಗೆ ಸಿಗುವುದು ಬೋಗಿಗಳು ಕಾರ್ಖಾನೆಯಿಂದ ಒಂದೊಂದಾಗಿ ಬಂದು ಸೇರಿದಂತೆ ಮಾತ್ರವೇ ಆಗಿತ್ತು, ಮತ್ತು ಮುಂದಿನ ತಿಂಗಳುಗಳಲ್ಲಿ ಹೊಸ ರೈಲುಗಳು ಸೇರಿದ ಹಾಗೆ ಆ ಅಂತರವನ್ನು ಹಂತ ಹಂತವಾಗಿ ಇಳಿಸಲಾಯಿತು.